ಮುನಿಸ್ವಾಮಪ್ಪ ಎಳೆದ ಸೊಟ್ಟ ಗೆರೆ

"ತಲೆ ಕಡೆ ಎತ್ತ್ರಲಾ, ಗೋಡೆಗೆ ತಗಲ್ತೈತೆ!"

ಮುನಿಸ್ವಾಮಪ್ಪನ ಚಟ್ಟ ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕು ವರ್ಷದ ಹಿಂದೆ ಇದೇ ಜಾಗ ಶಾಲೆಯ ಮೈದಾನ. ಮಾರಿಕುಪ್ಪಂ ರೈಲನ್ನೇ ತಂದು ತಿರುಗಿಸಬಹುದಿತ್ತು. ಈಗ ಮನೆಗೆ ಮನೆ ಅಂಟಿಕೊಂಡಿವೆ. ಸತ್ತವನು ಆಚೆ ಹೋಗಬೇಕಾದರೂ ಪಕ್ಕದವರು ಬೈಕು ಸರಿಸಬೇಕು.

ಚಟ್ಟ ಮರೆಯಾದ ಮೇಲೆ ಮಗಳು ರಾಧ ಮೆಟ್ಟಿಲ ಮೇಲೆ ಕುಸಿದಳು. ಮಂಡಿನೋವಿನಿಂದ ಮಣ್ಣಿಗೆ ಹೋಗಲಾರದ, ಅದೇ ಶಾಲೆಯ ನಿವೃತ್ತ ಪಿ.ಟಿ. ಮಾಸ್ತರು ಸೆಲ್ವರಾಜ್ ಅಲ್ಲೇ ಕುರ್ಚಿ ಎಳೆದುಕೊಂಡರು. ಸಾವಿನ ಮನೆಯಲ್ಲೂ ನಗಿಸಿ ಸಮಾಧಾನ ಹೇಳುವ ಸ್ವಭಾವ ಅವರದು.

"ಇಪ್ಪತ್ತೈದು ವರ್ಷ ಅಟೆಂಡರ್ ಮಾ, ನಿಮ್ಮಪ್ಪ. ಸ್ಪೋರ್ಟ್ಸ್ ಡೇಗೆ ಸುಣ್ಣದ ಗೆರೆ ಆತನೇ ಎಳೀಬೇಕು. ಎಳೆದ್ರೆ ಒಂದು ಮೂಲೇಲಿ ಸೊಟ್ಟ! ಎಷ್ಟು ಬೈದ್ರೂ ಸೊಟ್ಟ!"

"ಯಾಕೆ ಸಾರ್?"

"ಅಲ್ಲಿ ಹಳೇ ಚಿನ್ನದ ಗಣಿ ಗುಂಡಿ ಐತಂತೆ. ಬಿಳಿ ದೊರೆಗಳ ಕಾಲದಲ್ಲಿ ತೊಲೆ ಆಕಿ ಮಣ್ಣು ಮುಚ್ಚಿದ್ರಂತೆ. ಮಕ್ಳು ಓಡೋ ಜಾಗ ಸಾರ್, ಅದ್ರ ಮೇಲೆ ಬ್ಯಾಡ, ಅಂತಿದ್ದ."

ರಾಧ ದಡಕ್ಕನೆ ಎದ್ದಳು. "ಯಾವ ಮೂಲೆ?"

ಮಾಸ್ತರು ಎದ್ದು ಸುತ್ತ ನೋಡಿದರು. ಬಾವುಟದ ಕಂಬ ಎಲ್ಲಿತ್ತು? ಬೇವಿನ ಮರ? ಎತ್ತ ತಿರುಗಿದರೂ ಗೋಡೆ.

"ಗೊತ್ತಾಗ್ತಿಲ್ಲಮ್ಮ. ಆತನ್ನೇ ಕೇಳ್ಬೇಕು," ಅಂದವರು ನಾಲಗೆ ಕಚ್ಚಿಕೊಂಡರು.

*

ನಾಲ್ಕು ವರ್ಷದ ಹಿಂದೆ ಸರ್ಕಾರಿ ಮನೆಗಳಿಗಾಗಿ ಮೈದಾನ ಅಳೆಯಲು ಬಂದ ದಿನ ಅಪ್ಪ ಟೇಪಿಗೆ ಅಡ್ಡ ನಿಂತಿದ್ದ. "ನಮ್ಮಪ್ಪ ಇಳೀತಿದ್ದ ಗುಂಡಿ ಸ್ವಾಮಿ. ಇಲ್ಲಿ ಮನೆ ಬ್ಯಾಡ."

ಅಳೆಯುವವರು ರಾಧಳ ಮುಖ ನೋಡಿದರು. ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯ ಸೋರುವ ತಗಡಿನ ಮನೆಯಲ್ಲಿ ಎರಡು ವರ್ಷದ ಕೂಸನ್ನು ಎತ್ತಿಕೊಂಡೇ ಮಳೆಗಾಲ ಕಳೆದವಳು ಅವಳು. ಮನೆ ಸಿಗುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು.

"ವಯಸ್ಸಾಯ್ತು ಸಾರ್, ಅರಳುಮರಳು. ಮನಸ್ಸಿಗೆ ಆಕ್ಕೋಬ್ಯಾಡಿ," ಅಂದುಬಿಟ್ಟಳು.

ಅಪ್ಪ ಅವಳನ್ನೊಮ್ಮೆ ನೋಡಿದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಮತ್ತೆ ಅರಳುಮರಳು ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತು.

*

"ಏಳೇ, ಅವ್ರು ಮಣ್ಣಾಕಿ ಬರೋವಷ್ಟ್ರಲ್ಲಿ ಮನೆ ತೊಳೀಬೇಕು." ಸೋದರತ್ತೆ ನರಸಮ್ಮ ಕೊಡ ತಂದಳು.

ಹೆಣ ಹೊರಟ ಮನೆಯಲ್ಲಿ ನೀರು ಹೊಯ್ಯದೆ ಒಲೆ ಹಚ್ಚುವಂತಿಲ್ಲ. ಇಬ್ಬರೂ ಸೇರಿ ಅಪ್ಪ ಮಲಗುತ್ತಿದ್ದ ಹಿಂದಿನ ಕೋಣೆಯಿಂದ ಮಂಚ ಎಳೆದು ಹಾಕಿದರು. ಆರು ವರ್ಷದ ಸಹನ ಹೊಸ್ತಿಲಿಗೆ ಬಂದು ನಿಂತಳು.

"ಅಮ್ಮ, ಇವತ್ತಿಂದ ನಾನಿಲ್ಲಿ ಮಲಗ್ಲಾ? ತಾತ ಒಂದಿನಾನೂ ಬಿಡ್ಲಿಲ್ಲ. ಒಳಗೆ ಕಾಲಿಟ್ರೇ ಬಯ್ಯೋದು."

ಅಪ್ಪನ ಹಟ ಅಂದುಕೊಂಡಿದ್ದಳು ರಾಧ, ಇಷ್ಟು ದಿನ.

ನರಸಮ್ಮ ಕೊಡ ಬಗ್ಗಿಸಿದಳು. ನೀರು ಬಾಗಿಲ ಕಡೆ ಬರಲಿಲ್ಲ. ಮಂಚ ಇದ್ದ ಮೂಲೆಗೆ ಓಡಿ, ಗೋಡೆಯ ಬುಡದ ಬಿರುಕಿನಲ್ಲಿ ಇಳಿದುಹೋಯಿತು.

"ಇಲಿ ತೂತು ಮಾಡವೆ ಕಣೇ," ಅಂತ ನರಸಮ್ಮ ಇನ್ನೊಂದು ಕೊಡ ಹೊಯ್ದಳು. ಅದೂ ಇಳಿಯಿತು.

"ಸುಮ್ನಿರತ್ತೆ!" ರಾಧ ಮಗಳನ್ನು ಬಾಚಿ ಎತ್ತಿಕೊಂಡು ಬಿರುಕಿನತ್ತ ಕಿವಿಗೊಟ್ಟಳು. ತುಸು ಹೊತ್ತಿನ ಮೇಲೆ, ಮನೆಯ ಕೆಳಗೆ, ಬಲು ಆಳದಲ್ಲಿ, ನೀರು ನೀರಿಗೆ ಬಿದ್ದ ಸದ್ದಾಯಿತು.