ಹಟ್ಟಿಯಿಂದ ಬಂದ ಗ್ಯಾಸ್‌ಲೈಟ್

ಆ ವರ್ಷ ಕಾಪುವಿನಲ್ಲಿ ಚಿಮಿಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಅಂಗಡಿಯ ಮುಂದೆ ಮನುಷ್ಯರಿಗಿಂತ ಮೊದಲು ಡಬ್ಬಗಳು ಸಾಲುಗಟ್ಟುತ್ತಿದ್ದವು. ಡಬ್ಬವಿಲ್ಲದವರು ಒಂದು ಕಲ್ಲನ್ನಿಟ್ಟು ಜಾಗ ಹಿಡಿಯುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ ಮುಗಿಯುತ್ತ ಬಂದಿತ್ತು. ಇರಾನ್ ಮತ್ತು ಇರಾಕ್ ದೇಶಗಳ ನಡುವೆ ಯುದ್ಧ ಹತ್ತಿಕೊಂಡಿತ್ತು. ಆ ಬೆಂಕಿಯ ಬಿಸಿ ಸಮುದ್ರ ದಾಟಿ ಬಂದು ಎಲ್ಲೂರಿನ ಪ್ರೆಸಿಲ್ಲಾ ಬಾಯಿಯ ಮನೆಯ ದೀಪವನ್ನು ಕುಗ್ಗಿಸುತ್ತದೆಂದು ಯಾರು ತಾನೆ ಎಣಿಸಿದ್ದರು?

ಅಂದು ಸಾಲಿನಲ್ಲಿ ನಿಂತು ಬಸವಳಿದು, ಒಂದೇ ಒಂದು ಬಾಟಲಿ ಎಣ್ಣೆಯೊಂದಿಗೆ ಪ್ರೆಸಿಲ್ಲಾ ಬಾಯಿ ಬಸ್ಸಿಳಿದಾಗ, ಗದ್ದೆಯ ಬದುವಿನ ಮೇಲೆ ನೆರೆಮನೆಯ ಸುಂದರ ಎದುರಾದ.

"ಎಂತ ಬಾಯಮ್ಮ, ಇಷ್ಟೇ ಸಿಕ್ಕಿದ್ದಾ? ಮಗ ಇರುವುದು ಎಣ್ಣೆಯ ದೇಶದಲ್ಲಿ, ತಾಯಿ ನಿಲ್ಲುವುದು ಎಣ್ಣೆಯ ಸಾಲಿನಲ್ಲಿ! ಲಿಯೋನೆಲನಿಗೆ ಹೇಳಿ, ಒಂದು ಪೈಪು ಇತ್ತ ಬಿಡಲಿ."

"ನಿನ್ನ ಬಾಯಿಗೊಂದು ಬಿರಡೆ ಹಾಕಬೇಕು ಸುಂದರ," ಎಂದರು ಬಾಯಿ. ನಗು ಮಾತ್ರ ಬರಲಿಲ್ಲ.

ಅವರ ಮನಸ್ಸಿನಲ್ಲಿ ಕುಳಿತಿದ್ದ ಚಿಂತೆಯೇ ಬೇರೆ. ಮಗಳು ಆಂಜೆಲಾಳ ಮದುವೆ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲೆಂದು ನಿಶ್ಚಯವಾಗಿತ್ತು. ಮದುವೆಯ ಮುನ್ನಾದಿನದ ಸಂಜೆ ರೋಸ್. ಚಪ್ಪರದಲ್ಲಿ ಮದುಮಗಳನ್ನು ಕೂರಿಸಿ, ಹಿರಿಯರೆಲ್ಲ ತಲೆಗೆ ತೆಂಗಿನ ಹಾಲೆರೆದು ಹರಸುವ ಶಾಸ್ತ್ರ. ಕರೆಂಟಿನ ಕಂಬ ಇನ್ನೂ ಮುಖ್ಯರಸ್ತೆಯನ್ನು ಬಿಟ್ಟು ಒಳಗೆ ಬಂದಿರಲಿಲ್ಲ. ಚಪ್ಪರ ಬೆಳಗಬೇಕಾದರೆ ಗ್ಯಾಸ್‌ಲೈಟೇ ಗತಿ, ಗ್ಯಾಸ್‌ಲೈಟಿಗೆ ಚಿಮಿಣಿ ಎಣ್ಣೆಯೇ ಗತಿ. ಹಿಂದೆ ಲಿಯೋನೆಲನ ರೋಸಿನಲ್ಲಿ ಹಾಲೆರೆಯುವ ಹೊತ್ತಿಗೇ ಎಣ್ಣೆ ಮುಗಿದು ದೀಪ ಆರಿಹೋಗಿತ್ತು. ಬಾಯಿಯ ಗಂಡನ ಅಣ್ಣ, ಕಾರ್ಕಳದ ಕಜೆಟನ್ ಭಾವ, ಅದನ್ನು ಹೋದ ಮನೆಯಲ್ಲೆಲ್ಲ ಹೇಳಿ ನಗಿಸುತ್ತಿದ್ದರು. ಮಗಳ ರೋಸ್ ಕೂಡ ಕತ್ತಲಲ್ಲಿ ಮುಗಿದರೆ ತಲೆಯೆತ್ತುವುದು ಹೇಗೆ?

ಮನೆಯಲ್ಲಿ ಬಾಯಿಯ ತಮ್ಮ ಫೌಸ್ಟಿನ್ ಬಂದು ಕುಳಿತಿದ್ದ. ಬಹುಕಾಲ ಕುವೈತಿನ ಬಂದರಿನಲ್ಲಿ ಹಡಗುಗಳಿಗೆ ಎಣ್ಣೆ ತುಂಬಿಸುವ ಕೆಲಸ ಮಾಡಿ, ಈಗ ಊರಿಗೆ ಮರಳಿದವನು. ಒಳಗೆ ಲಿಯೋನೆಲನ ಹೆಂಡತಿ ಲೊರ್ನಾ ಹಸಿ ತೆಂಗಿನ ಮಡಲಿಟ್ಟ ಒಲೆಯನ್ನು ಕೊಳವೆಯಿಂದ ಊದುತ್ತಿದ್ದಳು. ಹೊಗೆ ತುಂಬಿದ ಅಡುಗೆಮನೆಯಿಂದ ಅವಳ ಕೆಮ್ಮು ಮಾತ್ರ ಹೊರಗೆ ಬರುತ್ತಿತ್ತು.

"ಅಕ್ಕಾ, ಒಂದು ಮಾತು ಹೇಳಿದರೆ ಬೈಯಬಾರದು," ಎಂದ ಫೌಸ್ಟಿನ್. "ನಿಮ್ಮ ಹಟ್ಟಿಯಲ್ಲಿ ಐದು ದನ ಉಂಟು. ಒಂದು ಗೋಬರ್ ಗ್ಯಾಸ್ ಹೊಂಡ ಮಾಡಿಸಿ. ಒಲೆಗೂ ಆಯಿತು, ದೀಪಕ್ಕೂ ಆಯಿತು."

"ಸೆಗಣಿಯ ಬೆಂಕಿಯಲ್ಲಿ ಸಾನ್ನ, ಕಡುಬು ಬೇಯಿಸುವುದಾ? ಚೀ! ಕಜೆಟನ್ ಭಾವ ತಟ್ಟೆಯನ್ನು ಮೂಸಿ ನೋಡಿ ಎದ್ದು ಹೋದಾರು."

"ಉರಿದ ಮೇಲೆ ವಾಸನೆ ಎಲ್ಲಿ ಇರುತ್ತದೆ, ಅಕ್ಕಾ?"

"ಆಯಿತು, ವಾಸನೆ ಇಲ್ಲ. ಸೆಗಣಿಯೆಲ್ಲ ನಿನ್ನ ಹೊಂಡಕ್ಕೆ ಹೋದರೆ ನನ್ನ ಗದ್ದೆಗೆ ಎಂತ ಹಾಕುವುದು? ನಿನ್ನ ಕುವೈತಿನ ಮರಳಾ?"

ಫೌಸ್ಟಿನ್ ನಕ್ಕ. "ಗ್ಯಾಸ್ ಮಾತ್ರ ನಾವು ತೆಗೆದುಕೊಳ್ಳುವುದು. ಸೆಗಣಿಯ ಸಾರವೆಲ್ಲ ಮತ್ತೊಂದು ಬಾಯಿಯಿಂದ ಹೊರಗೆ ಬರುತ್ತದೆ. ಅದೇ ಗೊಬ್ಬರ." ಬಳಿಕ ಅವನ ದನಿ ಗಂಭೀರವಾಯಿತು. "ನಾನು ಕಣ್ಣಾರೆ ಕಂಡವ, ಅಕ್ಕಾ. ನಮ್ಮ ದೇಶದ ಹಡಗು ಅಲ್ಲಿ ಬಂದು ಕಾಯುತ್ತಿತ್ತು, ನೀವು ಕಾಪುವಿನಲ್ಲಿ ಡಬ್ಬ ಇಟ್ಟು ಕಾದ ಹಾಗೆಯೇ. ಅವರು ಹೇಳಿದ್ದೇ ಕ್ರಯ. ಅವರು ಜಗಳವಾಡಿದರೆ ಇಲ್ಲಿ ಕತ್ತಲೆ. ಮುಂಬೈಯ ಸಮುದ್ರದಲ್ಲಿ ನಮಗೂ ಎಣ್ಣೆ ಸಿಕ್ಕಿದೆ, ಸಂತೋಷ. ಆದರೆ ಇಷ್ಟು ದೊಡ್ಡ ದೇಶಕ್ಕೆ ಅದು ಸಾಕಾಗುವುದಿಲ್ಲ. ಮತ್ತೆ, ಭೂಮಿಯ ಎಣ್ಣೆ ಬಾವಿಯ ನೀರಿನ ಹಾಗೆ ಮಳೆಗಾಲಕ್ಕೆ ತುಂಬುವುದಲ್ಲ. ತೆಗೆದದ್ದು ತೆಗೆದ ಹಾಗೆಯೇ."

ಒಳಗೆ ಲೊರ್ನಾ ಮತ್ತೆ ಕೆಮ್ಮಿದಳು. ಪ್ರೆಸಿಲ್ಲಾ ಬಾಯಿ ಬಾಗಿಲಿನತ್ತ ನೋಡಿದರು. ಸೆರಗಿನಲ್ಲಿ ಕಣ್ಣೊರೆಸುತ್ತಿದ್ದ ಸೊಸೆಯ ಮುಖ ಹೊಗೆಯ ನಡುವೆ ಒಮ್ಮೆ ಕಂಡು ಮರೆಯಾಯಿತು.

"ಮಾಡಿಸು," ಎಂದರು ಕೊನೆಗೆ. "ಆದರೆ ರೋಸಿಗೆ ಮೊದಲು ಅದು ಉರಿಯಬೇಕು. ಉರಿಯದಿದ್ದರೆ ಹೊಂಡ ಮುಚ್ಚಿ ಅದರ ಮೇಲೆ ತೆಂಗಿನ ಸಸಿ ನೆಡುತ್ತೇನೆ. ನಿನ್ನ ಹೆಸರನ್ನೇ ಇಡುತ್ತೇನೆ ಆ ಸಸಿಗೆ!"

ಘಟ್ಟದ ಮೇಲಿನಿಂದ ಒಬ್ಬ ಮೇಸ್ತ್ರಿ ಬಂದ. ಹಟ್ಟಿಯ ಪಕ್ಕದಲ್ಲಿ ಬಾವಿಯಂಥ ಹೊಂಡ ತೋಡಿ ಕಟ್ಟಿದ. ಅದರ ಮೇಲೆ ನೀರು ಕಾಯಿಸುವ ದೊಡ್ಡ ಭಾಣವನ್ನು ಕವುಚಿ ಹಾಕಿದಂತೆ ಕಬ್ಬಿಣದ ಡ್ರಮ್ಮನ್ನು ಕೂರಿಸಿದ. "ಸೆಗಣಿ ಎಷ್ಟೋ ನೀರೂ ಅಷ್ಟೇ. ಕಲಸಿ ಸುರಿಯುತ್ತ ಬನ್ನಿ. ಗ್ಯಾಸ್ ತುಂಬಿದಾಗ ಡ್ರಮ್ ತಾನಾಗಿ ಮೇಲೇಳುತ್ತದೆ," ಎಂದು ಹೇಳಿ ಊರಿಗೆ ಹೋದ. ಮನೆಯ ಆಳು ಕಿಟ್ಟ, ಹಟ್ಟಿಯಲ್ಲಿದ್ದುದನ್ನೆಲ್ಲ ಬುಟ್ಟಿಬುಟ್ಟಿಯಾಗಿ ತಂದು, ನೀರು ಬೆರೆಸಿ ಹೊಂಡ ತುಂಬಿಸಿದ.

ದಿನಗಳು ಉರುಳಿದವು. ವಾರಗಳು ಕಳೆದವು. ಡ್ರಮ್ ಮಾತ್ರ ಹಾಕಿದಲ್ಲಿಯೇ ಕುಳಿತಿತ್ತು. ಸುಂದರ ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ, "ಎದ್ದಿತಾ ಬಾಯಮ್ಮ? ಇಲ್ಲ, ಇನ್ನೂ ನಿದ್ರೆಯಾ?" ಎಂದು ವಿಚಾರಿಸುತ್ತಿದ್ದ. ಕಾಪುವಿಗೆ ಕಿಟ್ಟನನ್ನು ಅಟ್ಟಿದರೆ ಡಬ್ಬ ಬರಿದಾಗಿಯೇ ಬರುತ್ತಿತ್ತು. ಇತ್ತ ಪಾಸ್ಕ ಹಬ್ಬ ಹತ್ತಿರವಾಗುತ್ತಿತ್ತು.

"ನಾನು ಆಗಲೇ ಹೇಳಿರಲಿಲ್ವಾ?" ಎಂದರು ಬಾಯಿ ತಮ್ಮನೊಡನೆ. ಗೆದ್ದ ಮಾತೇ ಆದರೂ, ಅದು ಬಾಯಲ್ಲಿ ಕಹಿಯಾಯಿತು. "ನಾಳೆ ಕಿಟ್ಟನಿಗೆ ಹೇಳಿ ಹೊಂಡ ಮುಚ್ಚಿಸುವುದೇ."

ಆ ಮಧ್ಯಾಹ್ನ ಮೀನಿನ ಸಾರಿಗೆಂದು ಬಾಯಿ ತೆಂಗಿನ ಹಾಲು ತೆಗೆಯುತ್ತಿದ್ದರು. ಲೊರ್ನಾ ಅವಸರದಲ್ಲಿ ತುರಿದಿದ್ದರಿಂದ ಸಿಪ್ಪೆಯ ನಾರು ಸೇರಿಕೊಂಡಿತ್ತು. ಹಾಲು ಬಟ್ಟೆಯಿಂದ ಇಳಿಯದೆ, ಮೇಲೆ ನಾರಿನ ಕೆನೆ ಕಟ್ಟಿ ನಿಂತಿತು.

"ಹೀಗೆ ತುರಿದರೆ ರೋಸಿನ ದಿನ ಆಂಜೆಲಾಳ ತಲೆಯ ಮೇಲೆ ಹಾಲು ಬೀಳುವುದಾ, ನಾರು ಬೀಳುವುದಾ?" ಎಂದು ಸೊಸೆಯನ್ನು ಗದರುತ್ತಿದ್ದ ಬಾಯಿಯ ಕೈ ಥಟ್ಟನೆ ನಿಂತಿತು. ಬಟ್ಟೆಯ ಮೇಲಿನ ನಾರನ್ನೇ ಅವರು ಗಳಿಗೆ ಹೊತ್ತು ನೋಡಿದರು. ಮರುಕ್ಷಣವೇ ಹಿತ್ತಿಲಿಗೆ ಧಾವಿಸಿದರು.

"ಕಿಟ್ಟಾ! ಹೊಂಡಕ್ಕೆ ಎಂತದು ಹಾಕಿದ್ದು ನೀನು?"

"ಹಟ್ಟಿಯ ಗೊಬ್ಬರ, ಬಾಯಮ್ಮ. ಮತ್ತೆ ಎಂತ ಹಾಕುವುದು?"

ಅಲ್ಲಿಯೇ ಇತ್ತು ತಪ್ಪು. ನಮ್ಮ ಕರಾವಳಿಯ ಹಟ್ಟಿಗಳಲ್ಲಿ ದನದ ಕಾಲಡಿಗೆ ಹಸಿ ಸೊಪ್ಪು, ತರಗೆಲೆ ಹಾಸುವುದು ಹಿಂದಿನಿಂದ ಬಂದ ಪದ್ಧತಿ. ದನ ತುಳಿದು, ಸೆಗಣಿಯೊಂದಿಗೆ ಸೊಪ್ಪು ಕೊಳೆತು, ಗದ್ದೆಗೆ ಬಂಗಾರದಂಥ ಗೊಬ್ಬರವಾಗುತ್ತದೆ. ಘಟ್ಟದ ಮೇಲಿನ ಮೇಸ್ತ್ರಿಯ ಊರಿನಲ್ಲಿ ಸೊಪ್ಪು ಹಾಸುವ ಕ್ರಮವಿರಲಿಲ್ಲ. ಆದುದರಿಂದ ಅವನು ಹೇಳಲಿಲ್ಲ. ಇಲ್ಲಿಯವರಿಗೆ ಸೊಪ್ಪಿಲ್ಲದ ಹಟ್ಟಿಯೇ ಗೊತ್ತಿರಲಿಲ್ಲ. ಆದುದರಿಂದ ಅವರು ಕೇಳಲಿಲ್ಲ.

"ತೆಂಗಿನ ಹಾಲು ತೆಗೆಯುವಾಗ ನಾನು ಸೋಸುತ್ತೇನೆ," ಎಂದರು ಬಾಯಿ, ಓಡಿಬಂದ ತಮ್ಮನಿಗೆ. "ಸೆಗಣಿಯನ್ನು ಸೋಸಿದವರು ಯಾರು? ಸೊಪ್ಪೆಲ್ಲ ಮೇಲೆ ತೇಲಿ ಹಪ್ಪಳ ಕಟ್ಟಿದೆ. ಗ್ಯಾಸ್ ಪಾಪ ಎಲ್ಲಿಂದ ಮೇಲೆ ಬರಬೇಕು?"

ಫೌಸ್ಟಿನ್ ಹಣೆ ಚಚ್ಚಿಕೊಂಡ. "ನನಗೆ ಇದು ಹೊಳೆಯಲೇ ಇಲ್ಲ, ಅಕ್ಕಾ! ಎಣ್ಣೆಯ ಹಡಗು ನೋಡಿ ನೋಡಿ ನಮ್ಮ ಹಟ್ಟಿಯೇ ಮರೆತುಹೋಗಿದೆ."

"ಪರವಾಗಿಲ್ಲ, ಸಸಿಗೆ ನಿನ್ನ ಹೆಸರಿಡುವುದು ಈಗ ಬೇಡ."

ಮರುದಿನ ಸುಂದರನನ್ನೂ ಅವನ ಮನೆಯ ಗಂಡಸರನ್ನೂ ಕರೆದು, ಹಗ್ಗ ಬಿಗಿದು ಡ್ರಮ್ಮನ್ನು ಮೇಲಕ್ಕೆತ್ತಿಸಿದರು. "ಹೊಂಡಕ್ಕೆ ಯಾರೂ ಇಳಿಯಬಾರದು, ಉಸಿರು ಕಟ್ಟೀತು. ಹತ್ತಿರ ಬೀಡಿ ಕೂಡ ಬೇಡ," ಎಂದು ಫೌಸ್ಟಿನ್ ಎಚ್ಚರಿಸಿದ. ಉದ್ದ ಕೋಲಿನ ಕೊಕ್ಕೆಯಿಂದ, ದಡದಲ್ಲಿ ನಿಂತೇ, ಚಾಪೆಯಂತೆ ಹೆಣೆದುಕೊಂಡಿದ್ದ ಸೊಪ್ಪಿನ ಪದರವನ್ನು ಎಳೆದು ತೆಗೆದರು. ಬಾಯಿ ಹಟ್ಟಿಯನ್ನೇ ಎರಡು ಪಾಲು ಮಾಡಿಸಿದರು. ಒಂದು ಪಾಲಿಗೆ ಕಲ್ಲು ಹಾಸು. ಅಲ್ಲಿನ ಶುದ್ಧ ಸೆಗಣಿ ಹೊಂಡಕ್ಕೆ. ಇನ್ನೊಂದು ಪಾಲಿಗೆ ಎಂದಿನಂತೆ ಸೊಪ್ಪು. ಅದು ನೇರವಾಗಿ ಗದ್ದೆಗೆ.

ಪಾಸ್ಕ ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ, ಬೇಲಿಯಾಚೆಯಿಂದ ಸುಂದರನ ಕೂಗು ಕೇಳಿಸಿತು. "ಬಾಯಮ್ಮ, ಎದ್ದಿತು ಮಾರಾಯ್ರೇ! ಮೊಳದುದ್ದ ಎದ್ದಿದೆ!"

ಮೊದಲು ತುಂಬಿದ ಗ್ಯಾಸಿನಲ್ಲಿ ಗಾಳಿ ಬೆರೆತಿರುವುದರಿಂದ ಅದಕ್ಕೆ ಬೆಂಕಿ ತೋರಿಸುವುದು ಅಪಾಯ. ಫೌಸ್ಟಿನ್ ಅದನ್ನು ಬಯಲಿಗೆ ಬಿಟ್ಟ. ಮತ್ತೆ ತುಂಬಿದ ಮೇಲೆ ಲೊರ್ನಾ ಕಡ್ಡಿ ಗೀರಿ, ಹೊಂಡದಿಂದ ಕೊಳವೆ ಎಳೆದ ಹೊಸ ಒಲೆಗೆ ಹಿಡಿದಳು. ನೀಲಿ ಉರಿ ಅರಳಿತು. ಹೊಗೆಯಿಲ್ಲ, ವಾಸನೆಯಿಲ್ಲ. ಕೈಯಲ್ಲಿದ್ದ ಊದುಕೊಳವೆಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಅತ್ತೆಯ ಮುಖ ನೋಡಿದಳು.

"ಮಕ್ಕಳಿಗೆ ಕೊಡು, ಪೀಪಿ ಊದಲಿ," ಎಂದರು ಪ್ರೆಸಿಲ್ಲಾ ಬಾಯಿ.

ರೋಸಿನ ಸಂಜೆ ಬಂದಿತು. ಊಟದ ದೊಡ್ಡ ಪಾತ್ರೆಗಳಿಗೆ ಸೌದೆಯೇ ಬೇಕಾಯಿತು. ಐದು ದನಗಳ ಗ್ಯಾಸಿನಿಂದ ಊರಿಗೆ ಊಟ ಬೇಯಿಸಲಾಗದಷ್ಟೆ. ಆದರೆ ಚಪ್ಪರದ ನಟ್ಟನಡುವೆ, ಹಟ್ಟಿಯಿಂದ ಎಳೆದ ಕೊಳವೆಯ ತುದಿಯಲ್ಲಿ, ಮ್ಯಾಂಟಲ್ ಬಲೆ ಕಟ್ಟಿದ ದೀಪವೊಂದು ಬೆಳ್ಳಗೆ ಉರಿಯುತ್ತಿತ್ತು. ಕಜೆಟನ್ ಭಾವ ಬಂದವರೇ ಮೊದಲು ನೋಡಿದ್ದು ಅದನ್ನು.

"ಏನು ಪ್ರೆಸಿಲ್ಲಾ, ಗ್ಯಾಸ್‌ಲೈಟ್ ಜೋರುಂಟು! ಕಾರ್ಕಳದಲ್ಲಿ ಹುಡುಕಿದರೂ ಚಿಮಿಣಿ ಎಣ್ಣೆ ಇಲ್ಲ. ನಿನಗೆ ಎಲ್ಲಿ ಸಿಕ್ಕಿತು? ಹಾಲೆರೆಯುವಾಗ ಆರುವುದಿಲ್ಲ ಅಲ್ವಾ?"

ಬಾಯಿ ಈ ಪ್ರಶ್ನೆಗಾಗಿಯೇ ತಿಂಗಳುಗಟ್ಟಲೆ ಕಾದಿದ್ದರು.

"ಭಾವಾ, ಇಷ್ಟು ಕಾಲ ಗ್ಯಾಸ್‌ಲೈಟ್ ಎಂದು ಹೆಸರು ಹೇಳಿ, ಕುಡಿಸಿದ್ದು ಚಿಮಿಣಿ ಎಣ್ಣೆ. ಹೆಸರಿಗೆ ಸರಿಯಾದ ಗ್ಯಾಸ್‌ಲೈಟ್ ಇವತ್ತೇ ಹಚ್ಚಿದ್ದು. ಎಣ್ಣೆಯ ಬಾವಿ ನಮ್ಮ ಹಟ್ಟಿಯಲ್ಲೇ ಉಂಟು, ನೋಡಿ ಬನ್ನಿ."

ಭಾವ ಮೂಗೆಳೆದು ಮೂಸಿದರು. ಏನೂ ಸಿಗಲಿಲ್ಲ. ಹಟ್ಟಿಗೆ ಹೋಗಿ, ಡ್ರಮ್ಮಿನ ಸುತ್ತ ಒಂದು ಸುತ್ತು ಬಂದರು. ತಿರುಗಿ ಬಂದು, ಆಂಜೆಲಾಳ ತಲೆಗೆ ಮೊದಲ ಹಾಲೆರೆದು ಹರಸಿದರು. ದೀಪ ಅಲುಗಲೂ ಇಲ್ಲ. ಆಮೇಲೆ ಫೌಸ್ಟಿನನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಕೇಳಿದರು: "ಆ ಮೇಸ್ತ್ರಿ ಕಾರ್ಕಳಕ್ಕೂ ಬರುತ್ತಾನಾ ಮಾರಾಯ? ನನ್ನ ಹಟ್ಟಿಯಲ್ಲಿ ಏಳು ದನ ಉಂಟು."

"ಬರುತ್ತಾನೆ. ಆದರೆ ಸೊಪ್ಪಿನ ಸಂಗತಿ ಅವನಿಗೆ ಗೊತ್ತಿಲ್ಲ, ಅದನ್ನು ಅಕ್ಕನ ಹತ್ತಿರವೇ ಕೇಳಬೇಕು."

ಆ ಮಳೆಗಾಲದಲ್ಲಿ ಹೊಂಡದಿಂದ ಹೊರಬಂದ ಗೊಬ್ಬರ ಬಿದ್ದ ಗದ್ದೆಯ ಪೈರು ಕಪ್ಪು ಹಸಿರಾಗಿ ಎದ್ದು ನಿಂತಿತು. ಪ್ರೆಸಿಲ್ಲಾ ಬಾಯಿಯ ಕೊನೆಯ ಸಂಶಯವೂ ಅಲ್ಲಿಗೆ ಅಡಗಿತು.

ಓದುತ್ತಿರುವ ತಾಯಂದಿರೇ, ಮಹನೀಯರೇ, ನಿಮ್ಮ ಹಟ್ಟಿಯಲ್ಲಿಯೂ ನಾಲ್ಕೈದು ದನಗಳಿದ್ದಾವು. ಹಾಗಿದ್ದರೆ ನಿಮ್ಮ ಗ್ರಾಮಸೇವಕರನ್ನು ಇಂದೇ ಕಂಡು ಮಾತನಾಡಿರಿ. ಹೊಂಡಕ್ಕೆ ಸೊಪ್ಪು ಬೆರೆಯದ ಸೆಗಣಿಯನ್ನೇ ಹಾಕಿರಿ. ನಮ್ಮ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಡ್ರಮ್ಮಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಲು ಮರೆಯದಿರಿ. ನಿಮ್ಮ ಮನೆಯಲ್ಲಿ ಅರಳುವ ಒಂದೊಂದು ನೀಲಿ ಉರಿಯಿಂದಲೂ ಪರದೇಶದ ಬಂದರಿನಲ್ಲಿ ನಮ್ಮ ನಾಡು ಒಡ್ಡುವ ಡಬ್ಬ ಅಷ್ಟಷ್ಟೇ ಸಣ್ಣದಾಗುತ್ತದೆ. ಅಂಗಡಿಯ ಮುಂದೆ ಸಾಲಿನಲ್ಲಿಟ್ಟ ನಿಮ್ಮ ಕಲ್ಲನ್ನು ಎತ್ತಿಕೊಂಡು ಬನ್ನಿರಿ; ಹಟ್ಟಿಗೆ ಹಾಸಲು ಅದು ಬೇಕಾಗುತ್ತದೆ.