ಮೂರು ಮೈಲಿಯಿಂದ ಕಾಣುವ ಜಾಕೀಟು

ಊರಿನ ಬಾಗಿಲಲ್ಲೇ ಹೆದ್ದಾರಿ. ಪೇಟೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಪೇಟೆ ಕಡೆಗೆ ಹೋಗುವ ರಸ್ತೆ ಇರುವುದು ಡಿವೈಡರಿನ ಆಚೆ ಬದಿಗೆ. ಅದನ್ನು ಸೇರಲು ಮೊದಲು ಪೇಟೆಗೆ ಬೆನ್ನು ಹಾಕಿ ಎರಡು ಕಿಲೋಮೀಟರ್ ಹೋಗಬೇಕು, ತಿರುವು ಹಿಡಿಯಬೇಕು, ಅಷ್ಟೇ ದೂರ ವಾಪಸು ಬರಬೇಕು. ಊರಿನವರ ಬಾಯಲ್ಲಿ ಆ ಎರಡು ಕಿಲೋಮೀಟರ್ ಇಪ್ಪತ್ತಾಗಿ ಬೆಳೆದಿತ್ತು. ಹಾಗಾಗಿ ಬೈಕನ್ನು ಎದುರು ದಿಕ್ಕಿನಲ್ಲೇ ನುಗ್ಗಿಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪೇಟೆ ಕಡೆ ಅರ್ಧ ಕಿಲೋಮೀಟರ್ ದೂರದ ಕೂಡುರಸ್ತೆ ಸೇರಿಬಿಡುತ್ತಿದ್ದರು. ಮುಚ್ಚಿದ ಕಣ್ಣು ತೆಗೆಯದೆ ಹೋದವರೂ ಇಬ್ಬರಿದ್ದರು. ಅವರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಇಂಥ ಊರಿಗೆ ಬಂದವನು ಹೆದ್ದಾರಿ ಸುರಕ್ಷತೆಯ ಪ್ರಾದೇಶಿಕ ಸಂಯೋಜಕ. ನಲವತ್ತು ಊರುಗಳ ಹೊಣೆ ಅವನದು. ಅವನು ಭಾಷಣಕ್ಕೆ ನಿಂತರೆ ಹೆದ್ದಾರಿಯ ಲಾರಿಗಳೂ ನಿಧಾನವಾಗಿ, ಕೇಳಿಸಿಕೊಂಡು ಹೋಗುತ್ತಿದ್ದವು. ನಂಬದವರು ಲಾರಿಗಳನ್ನೇ ಕೇಳಿ. ಮೈಮೇಲೆ ಹಳದಿ ಜಾಕೀಟು, ಎದೆಗೂ ಬೆನ್ನಿಗೂ ಮಿರುಗುವ ಪಟ್ಟಿ. "ಇದು ಮೂರು ಮೈಲಿಯಿಂದ ಕಾಣುತ್ತೆ," ಎಂದು ಅವನು ಎದೆಯುಬ್ಬಿಸಿದರೆ ಸೂರ್ಯನೇ ಮೋಡದ ಮರೆಗೆ ಸರಿಯಬೇಕು.

ಅವನ ಮಾತಿಗೆ ಸೊಪ್ಪು ಹಾಕದವನು ವೆಲ್ಡಿಂಗ್ ಅಂಗಡಿಯವನು ಒಬ್ಬನೇ. "ಸುತ್ತೋಕೆ ಪೆಟ್ರೋಲು ನೀವು ಹಾಕಿಸ್ತೀರಾ ಸಾರ್?" ಎಂದಿದ್ದ. ಸಂಯೋಜಕ ಬಿಡಲಿಲ್ಲ. ಕಬ್ಬಿಣದ ಚೂರುಗಳ ನಡುವೆ ಕೂತು ತಿಳಿಹೇಳಿದ. ಎದುರು ದಿಕ್ಕಿನಲ್ಲಿ ಒಬ್ಬ ಬರಬಹುದೆಂದು ಲಾರಿಯವನು ಎಣಿಸಿರುವುದೇ ಇಲ್ಲ, ಅವನ ವೇಗ ನಿನ್ನ ವೇಗ ಎರಡೂ ಕೂಡಿ ಬಡಿಯುತ್ತವೆ, ಬ್ರೇಕ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ ಎಂದ. ವೆಲ್ಡರ್ ಗೊಣಗಿದ. ಆದರೆ ಊರಿಗೆಲ್ಲ ಬಟ್ಟೆ ಹೊಲಿಯುವ ಅವನ ಹೆಂಡತಿ ಟೈಲರಮ್ಮ ಗಂಡನ ಕಿವಿ ಹಿಂಡಿದಳು. ಅಂದಿನಿಂದ ಎರಡು ತಿಂಗಳು ಇಬ್ಬರೂ ಸುತ್ತಿಕೊಂಡೇ ಪೇಟೆಗೆ ಹೋದರು. ಸಂಯೋಜಕ ಅದನ್ನು ನಲವತ್ತು ಊರಲ್ಲೂ ಹೇಳಿಕೊಂಡು ಮೆರೆದ.

ಮುಂದಿನ ಸಭೆ ಶಾಲೆಯ ಕೋಣೆಯಲ್ಲಿ. ಮುಂದಿನ ಬೆಂಚಿನಲ್ಲಿ ಟೈಲರಮ್ಮ ಕೂತಿದ್ದಳು. ಬಲಗೈಗೆ ಮೊಣಕೈ ದಾಟಿ ಪ್ಲಾಸ್ಟರ್. ಏನಾಯಿತೆಂದು ಸಂಯೋಜಕ ಕೇಳಿದ. ವೆಲ್ಡರ್ ಎದ್ದು ಬಂದು, ಬೈಕಿನ ಒಡೆದ ಕನ್ನಡಿಯನ್ನು ಮೇಜಿನ ಮೇಲಿಟ್ಟ. ಎದುರು ದಿಕ್ಕಿನಲ್ಲಿ ಹೋದೆವು, ವ್ಯಾನು ತಗುಲಿತು, ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು ಎಂದ.

ಸಂಯೋಜಕನಿಗೆ ಪಾಠಕ್ಕೊಂದು ಉದಾಹರಣೆ ತಾನಾಗಿ ಸಿಕ್ಕಿತ್ತು. ಬೆರಳೆತ್ತಿ, ಇಡೀ ಕೋಣೆಗೆ ಕೇಳುವಂತೆ, "ಹಾಗೆ ಹೋಗಿ ಅಂತ ನಿಮಗೆ ಹೇಳಿಕೊಟ್ಟವರು ಯಾರು?" ಎಂದ.

"ನೀವೇ ಸಾರ್."

ವೆಲ್ಡರ್ ಒಡೆದ ಕನ್ನಡಿಯನ್ನು ಅವನತ್ತ ತಿರುಗಿಸಿದ.

"ಪೋಸ್ಟರ್ ಅಂಟಿಸೋಕೆ ಬಂದಿದ್ರಲ್ಲ, ಅವತ್ತು ವಾಪಸು ಕೂಡುರಸ್ತೆಗೆ ಎದುರು ದಿಕ್ಕಲ್ಲೇ ಹೋದ್ರಿ. ಅಂಗಡಿ ಬಾಗಿಲಲ್ಲಿ ನಿಂತು ನೋಡಿದೆ. ಹೇಳೋರೇ ಹೀಗೆ ಹೋಗ್ತಾರೆ ಅಂದ್ರೆ ನಂದೇನು ಅಂತ ಮಾರನೇ ದಿನದಿಂದ ನಾನೂ ಮತ್ತೆ ಶುರು ಮಾಡಿದೆ."

"ನಾನೂ ನೋಡಿದೆ," ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಊರೆಲ್ಲ ನೋಡಿತು ಅಣ್ಣ. ಮೂರು ಮೈಲಿಯಿಂದ ಕಾಣುತ್ತೆ ಅಂತ ನೀವೇ ಹೇಳಿದ್ರಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪೋಸ್ಟರಿನ ದಿನ ತಡವಾಗಿತ್ತು, ಅರ್ಧ ಕಿಲೋಮೀಟರ್ ತಾನೇ ಎಂದುಕೊಂಡಿದ್ದ, ರಸ್ತೆ ಖಾಲಿಯೆಂದು ಸಮಾಧಾನ ಹೇಳಿಕೊಂಡಿದ್ದ. ಏನೋ ತುರ್ತು ಕೆಲಸವಿತ್ತು ಎಂಬ ಸುಳ್ಳು ಗಂಟಲವರೆಗೂ ಬಂತು. ಪ್ಲಾಸ್ಟರಿನ ತುದಿಯಲ್ಲಿ ಊದಿಕೊಂಡ ಅವಳ ಬೆರಳುಗಳು ಕಂಡವು. ನುಂಗಿಕೊಂಡ. ಕಿವಿ ಕಾದ ಕಬ್ಬಿಣವಾಯಿತು. ಆರಡಿ ಆಳು ಮೂರಡಿಗೆ ಇಳಿದು, ಮೇಜಿನ ಕೆಳಗೆ ಜಾಗ ಹುಡುಕುವಂತಾದ. ಮೆಲ್ಲಗೆ ಜಾಕೀಟು ಬಿಚ್ಚತೊಡಗಿದ.

"ತಪ್ಪು ನಂದು. ಈ ಕೈ ಮುರಿದಿದ್ದು ನನ್ನಿಂದ," ಎಂದ.  ನಲವತ್ತು ಊರಿನ ಭಾಷಣಕಾರನ ಅತಿ ಚಿಕ್ಕ ಭಾಷಣ ಅದೇ!

"ಹಾಕ್ಕೊಳ್ಳಿ ಅದನ್ನ," ಎಂದಳು ಟೈಲರಮ್ಮ. "ಬಿಚ್ಚಿಟ್ಟರೆ ನಿಮಗೆ ಹಗುರ. ಹಾಕ್ಕೊಂಡು ಸರಿಯಾದ ದಾರೀಲಿ ಬನ್ನಿ, ನಾವು ನೋಡ್ತೀವಿ."

ಮಾರನೇ ದಿನದಿಂದ ಸಂಯೋಜಕ ಬೆಳಗ್ಗೆ ಆ ಊರಿಗೆ ಬಂದ. ಅಲ್ಲಿಂದ ಪೇಟೆಗೆ ಬೆನ್ನು ಹಾಕಿ, ತಿರುವಿನವರೆಗೆ ಹೋಗಿ, ಸುತ್ತಿಕೊಂಡೇ ಪೇಟೆ ಸೇರಿದ. ಏಳು ದಿನ. ಎಂಟನೇ ದಿನ ವೆಲ್ಡರ್ ತನ್ನ ಬೈಕು ತೆಗೆದು ಅವನ ಜೊತೆ ಹೊರಟ. ಹೊತ್ತು ನೋಡಿದರೆ ಸುತ್ತಿ ಹೋಗಲು ಹಿಡಿದದ್ದು ಆರೇ ನಿಮಿಷ ಹೆಚ್ಚು. ವೆಲ್ಡರ್ ಮನೆಗೆ ಬಂದು ಹೆಂಡತಿಯ ಎದುರು ತಲೆ ತಗ್ಗಿಸಿ ಹೇಳಿದ: "ಆರು ನಿಮಿಷ ಉಳಿಸೋಕೆ ಹೋಗಿ ನಿನ್ನ ಆರು ವಾರ ಕಳೆದೆ ಕಣೇ." ಅವರ ಬೈಕು ಮತ್ತೆ ಎದುರು ದಿಕ್ಕಿಗೆ ತಿರುಗಲಿಲ್ಲ. ಊರಿನವರೆಲ್ಲ ಸಹಿ ಹಾಕಿದ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಅರ್ಜಿಯನ್ನು ಸಂಯೋಜಕ ತಾನೇ ಕಚೇರಿಗೆ ಒಯ್ದು ಕೊಟ್ಟ. ಈಗಲೂ ಅದರ ಬೆನ್ನು ಹತ್ತಿದ್ದಾನೆ. ಮೂರು ಮೈಲಿಯ ಮಾತನ್ನು ಮಾತ್ರ ಮತ್ತೆಲ್ಲೂ ಆಡಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನ ತಿರುವೂ ದೂರವೇ ಇರಬಹುದು. ಸುತ್ತಿಯೇ ಹೋಗಿ. ಹೆಲ್ಮೆಟ್ ತಲೆಯ ಮೇಲಿರಲಿ, ಹಿಂದೆ ಕೂತವರ ತಲೆಯ ಮೇಲೂ ಇರಲಿ. ದಾರಿ ಸರಿಯಿಲ್ಲವಾದರೆ ಕೂಡಿ ಅರ್ಜಿ ಕೊಡಿ. ನಿಮ್ಮ ಮೈಮೇಲೆ ಮಿರುಗುವ ಜಾಕೀಟು ಇಲ್ಲದಿರಬಹುದು. ಆದರೂ ಯಾವುದೋ ಅಂಗಡಿಯ ಬಾಗಿಲಲ್ಲಿ ಯಾರೋ ಒಬ್ಬರು ನಿಂತು, ನೀವು ಯಾವ ದಿಕ್ಕಿನಿಂದ ಬರುತ್ತೀರೆಂದು ನೋಡುತ್ತಿರುತ್ತಾರೆ.