ದಿಬ್ಬಣದ ಜೀಪಿನ ಸೌಂಡು

ನರಸಿಂಹರಾಜಪುರದ ಬಸವೇಶನಿಗೆ ಎರಡು ವಿಷಯದಲ್ಲಿ ವಿಪರೀತ ಜಂಬ. ಒಂದು, ತಂಗಿ ಸಿರಿ. ಇನ್ನೊಂದು, ಇಳುಕಲಿನಲ್ಲಿ ಜೀಪು ಬಿಡುವ ಕೈಚಳಕ. ಇಳಿಜಾರು ಶುರುವಾದ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತಂದು, ಗುಂಡಿ ಎಳೆದು ಎಂಜಿನ್ ನಿಲ್ಲಿಸಿಬಿಡುತ್ತಿದ್ದ. ಹನಿ ಡೀಸೆಲ್ ಖರ್ಚಾಗದೆ ಗಾಡಿ ಕೆಳಗೆ ಬಂದು ಮುಟ್ಟುತ್ತಿತ್ತು. ಆ ಕಡೆಯ ಜೀಪಿನವರೆಲ್ಲ ಮಾಡುವುದೇ ಇದು. ಆದರೆ ಬಸವೇಶನಷ್ಟು ದೂರ ಉರುಳಿಸುವವರು ಯಾರೂ ಇಲ್ಲವೆಂದು ಸ್ಟ್ಯಾಂಡಿನವರು ಒಪ್ಪಿದ್ದರು. ಒಪ್ಪದವರನ್ನು ಬಸವೇಶನೇ ಒಪ್ಪಿಸುತ್ತಿದ್ದ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಸಿರಿಗೆ ಶೃಂಗೇರಿಯ ಸಂಬಂಧ ಕೂಡಿಬಂತು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವನು ಅಣ್ಣನೇ. ಗಂಡಿನ ಕಡೆಯವರು ಬ್ಯಾಂಡಿನ ಮಾತೆತ್ತಿದಾಗ ಸಿರಿ, "ಬ್ಯಾಂಡೆಲ್ಲ ಬೇಡ. ನಾನು ನಮ್ಮಣ್ಣನ ಜೀಪಲ್ಲಿ ಹಾಡು ಹಾಕ್ಕೊಂಡೇ ಬರೋದು" ಎಂದುಬಿಟ್ಟಳು. ಅಲ್ಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ಆ ನಗು ಬಸವೇಶನಿಗೆ ಚೆನ್ನಾಗಿಯೇ ನಾಟಿತು. ದಿಬ್ಬಣ ಬಂದದ್ದು ಇಡೀ ಶೃಂಗೇರಿಗೆ ಗೊತ್ತಾಗಬೇಕು ಎಂದು ಹಠಕ್ಕೆ ಬಿದ್ದು, ದೊಡ್ಡ ಆಂಪ್ಲಿಫಯರು, ಹಂಡೆಯಗಲದ ಎರಡು ಸ್ಪೀಕರು ತಂದು ಕೊಪ್ಪದ ಪುಟ್ಟಪ್ಪನ ಅಂಗಡಿಯ ಮುಂದೆ ಇಳಿಸಿದ.

ಪುಟ್ಟಪ್ಪ ಗಾಡಿಗಳ ವೈರಿಂಗ್ ಮಾಡುವವ, ಮೂಗಿನ ತುದಿಯಲ್ಲೇ ಕೋಪ. "ಸೌಂಡ್ ಆಮೇಲೆ ಮಾರಾಯ, ಮೊದ್ಲು ಕರೆಂಟಿಗೆ ದಾರಿ ಆಗ್ಲಿ" ಎಂದು ಆಂಪ್ಲಿಫಯರಿನ ಜೊತೆ ಬಂದಿದ್ದ ಸಪೂರ ವೈರನ್ನು ಮೂಲೆಗೆ ಎಸೆದ. ಬ್ಯಾಟರಿಯಿಂದ ನೇರವಾಗಿ ಹೆಬ್ಬೆರಳಿನ ದಪ್ಪದ ಕೇಬಲ್ ಎಳೆದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿದ. ಅರ್ಥಿಂಗಿಗೆಂದು ಚಾಸಿಯ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದ. ಬ್ಯಾಟರಿಗೆ ಕರೆಂಟು ತುಂಬುವ ಹಳೆಯ ಆಲ್ಟರ್ನೇಟರ್ ಬಿಚ್ಚಿ ದೊಡ್ಡದು ಹಾಕಿ, ಕಣ್ಣೆದುರಿಗೆ ಒಂದು ವೋಲ್ಟ್ ಮೀಟರನ್ನೂ ಕಟ್ಟಿದ. "ಮುಳ್ಳು ಹದಿನಾಲ್ಕರ ಹತ್ರ ಇದ್ರೆ ನೀನು ಎಷ್ಟು ಬೇಕಾದ್ರೂ ಕುಣಿ."

ಮಾರನೇ ದಿನ ಬಸವೇಶ ಹಾಡು ಹಾಕಿಕೊಂಡು ಬೆಳಗಿನಿಂದ ಊರೂರು ಸುತ್ತಿದ. ಭಂಡಿಗಡಿಯಲ್ಲಿ ಜನ ಮನೆಯಿಂದ ಹೊರಗೆ ಬಂದು ನೋಡಿದರು. ಅವನ ಎದೆ ಉಬ್ಬಿತು. ಕಮ್ಮರಡಿಯ ಹತ್ತಿರ ಉದ್ದದ ಇಳುಕಲು ಇಳಿದು ಬರುವಾಗ ಮಾತ್ರ ಹಾಡಿನ ಗಂಟಲು ಕಟ್ಟಿತು. ಕೊನೆಗೆ ಹಾರನ್ನೂ ಇಲ್ಲ, ಸೆಲ್ಫ್ ಕೂಡ ತಿರುಗಲಿಲ್ಲ. ಅಂಗಡಿ ಕಟ್ಟೆಯಲ್ಲಿ ಕೂತಿದ್ದವರು ಬಂದು ಗಾಡಿ ತಳ್ಳಿದರು. "ದಿಬ್ಬಣದ ದಿನವೂ ತಳ್ಳೋಕೆ ನಾವೇ ಬರ್ಬೇಕಾ?" ಎಂದು ಒಬ್ಬ ಕೇಳಿದ.

ಬಸವೇಶ ಉರಿದುಕೊಂಡು ನೇರವಾಗಿ ಕೊಪ್ಪಕ್ಕೆ ಹೋದ. ಬಸ್‌ಸ್ಟ್ಯಾಂಡಿನ ಜನರೆಲ್ಲ ಕೇಳುವಂತೆ ಕೂಗಿದ: "ವೈರಿಂಗ್ ಮಾಡ್ದೋ, ನನ್ ತಂಗಿ ಮದುವೇಲಿ ಮರ್ಯಾದೆ ಕಳಿಯಕ್ಕೆ ನೋಡ್ದೋ? ಕೆಲಸ ಬರದಿದ್ರೆ ಬೋರ್ಡು ಯಾಕೆ ಹಾಕ್ಕೊಂಡಿದೀಯ?"

ಪುಟ್ಟಪ್ಪನ ಮುಖ ಸಣ್ಣದಾಯಿತು. ಬೈಗುಳಕ್ಕೆ ಬೈಗುಳ ಕೊಡುವ ಮನುಷ್ಯ ಅವತ್ತು ಸೀದಾ ಬ್ಯಾಟರಿಗೆ ಚಾರ್ಜು ಕೊಟ್ಟು, ಜೀಪು ಹತ್ತಿ ಕೂತು, "ನಡಿ" ಎಂದ.

ಸಮತಟ್ಟಿನಲ್ಲಿ ಮುಳ್ಳು ಹದಿನಾಲ್ಕು ಬಿಟ್ಟು ಕದಲಲಿಲ್ಲ. ಏರಿನಲ್ಲೂ ಅಷ್ಟೇ. ಇಳುಕಲು ಬಂತು. ಬಸವೇಶನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಗುಂಡಿ ಎಳೆಯಿತು. ಎಂಜಿನ್ ನಿಂತಿತು, ಮುಳ್ಳು ಕೆಳಗಿಳಿಯತೊಡಗಿತು. ಪುಟ್ಟಪ್ಪ ಮೀಟರಿನ ಮೇಲೆ ಬೆರಳಿಟ್ಟ.

"ಎಂಜಿನ್ ನಿಲ್ಸಿದ್ರೆ ಆಲ್ಟರ್ನೇಟರ್ ಎಂತ ಮಾಡ್ತದೆ ಮಾರಾಯ? ಹಾಡೆಲ್ಲ ಬ್ಯಾಟರಿಯಿಂದಲೇ ಕುಡಿಯೋದು."

"ಇನ್ನೊಂದು ಬ್ಯಾಟರಿ ಹಾಕಿದ್ರೆ?"

"ನಲ್ಲಿ ಬಂದ್ ಮಾಡಿ ಇನ್ನೊಂದು ಕೊಡಪಾನ ಇಟ್ರೆ ಎಂತ ಉಪಯೋಗ? ಅದೂ ಖಾಲಿ ಆಗ್ತದೆ."

ತಾನು ಮೆರೆಸುತ್ತಿದ್ದ ವಿದ್ಯೆಯೇ ತನಗೆ ಕೈಕೊಟ್ಟಿತ್ತು. ತಪ್ಪಾಯ್ತು ಎನ್ನಬೇಕೆಂದು ಬಸವೇಶನಿಗೆ ಅನ್ನಿಸಿತು, ಬಾಯಿ ಬರಲಿಲ್ಲ. "ಮದುವೆಗೆ ಬಾ ಪುಟ್ಟಪ್ಪಣ್ಣ" ಎಂದಷ್ಟೇ ಅಂದ. "ನೋಡುವ" ಎಂದು ಪುಟ್ಟಪ್ಪ ಕೊಪ್ಪದಲ್ಲಿ ಇಳಿದು ಹೋದ.

ದಿಬ್ಬಣ ಹೊರಟ ದಿನ ಪ್ರತಿ ಇಳುಕಲಿನಲ್ಲೂ ಹಿಂದಿನ ಜೀಪುಗಳು ಸದ್ದಿಲ್ಲದೆ ಉರುಳಿ ಬಂದವು. ಬಸವೇಶನ ಜೀಪು ಮಾತ್ರ ಗೇರಿನಲ್ಲೇ ಗುರುಗುಡುತ್ತ ಇಳಿಯಿತು. "ಕೈ ಮರ್ತುಹೋಯ್ತೇನೋ?" ಎಂದು ಹಿಂದಿನವರು ಕೂಗಿದರು. ಬಸವೇಶ ಹಾಡಿನ ಸೌಂಡನ್ನು ಇನ್ನಷ್ಟು ಏರಿಸಿದ. ಹಿಂದಿನ ಸೀಟಿನಲ್ಲಿ ಸಿರಿ ಬಳೆ ತುಂಬಿದ ಕೈಯಲ್ಲಿ ತಾಳ ಹಾಕುತ್ತಿದ್ದಳು.

ಶೃಂಗೇರಿಯ ಕಲ್ಯಾಣ ಮಂಟಪದ ಮುಂದೆ ಜೀಪು ನಿಂತಿತು. ಜನ ಕುಣಿಯತೊಡಗಿದರು, ಸುತ್ತಲಿನ ಕಿಟಕಿಯ ಗಾಜುಗಳು ನಡುಗಿದವು. ಗಾಡಿ ನಿಂತದ್ದರಿಂದ ಎಂಜಿನ್ ನಿಧಾನವಾಗಿ ತಿರುಗುತ್ತಿತ್ತು, ಮುಳ್ಳು ಮೆಲ್ಲಗೆ ಜಾರಿತು. ಬಸವೇಶ ಆಕ್ಸಿಲರೇಟರ್ ಒತ್ತಿ ಹಿಡಿದ. ಮುಳ್ಳು ಮೇಲೆದ್ದಿತು. ಅಷ್ಟರಲ್ಲಿ ಆರತಿ ತಟ್ಟೆ ಬಂತು.

"ಹೆಣ್ಣಿನ ಅಣ್ಣ ಎಲ್ಲಿ? ಕೈ ಹಿಡಿದು ಇಳಿಸ್ಲಿ!" ಎಂದು ತಟ್ಟೆ ಹಿಡಿದ ಹೆಂಗಸರು ಕೂಗಿದರು.

ಇಳಿದರೆ ಹಾಡು ಸಾಯುತ್ತದೆ. ಇಳಿಯದಿದ್ದರೆ ಅಪ್ಪನಿಲ್ಲದ ಹುಡುಗಿಯ ಕೈ ಹಿಡಿಯುವವರಿಲ್ಲ.

ಆಗ ಪಕ್ಕದ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪುಟ್ಟಪ್ಪ ಒಳಗೆ ತೂರಿ ಬಂದು, ಅವನ ಕಾಲಿನ ಪಕ್ಕ ತನ್ನ ಕಾಲು ಚಾಚಿದ. "ಕಾಲು ತೆಗಿ, ನಾನು ಒತ್ತಿ ಹಿಡೀತೇನೆ. ನೀನು ಹೋಗು."

ಬಸವೇಶ ಇಳಿದ. ಆದರೆ ಅಲ್ಲಿಂದ ಕದಲಲಿಲ್ಲ. ಜನರ ಕಡೆ ತಿರುಗಿ, "ಈ ಸೌಂಡು ಪುಟ್ಟಪ್ಪಣ್ಣನ ಕೆಲಸ! ತಪ್ಪು ನಂದು, ಬೈಸ್ಕೊಂಡದ್ದು ಅವ್ರು!" ಎಂದ. ಹಾಡಿನ ಅಬ್ಬರದಲ್ಲಿ ಪಕ್ಕದವನಿಗೂ ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದ. ಆಗಲೂ ಕೇಳಲಿಲ್ಲ. ಕೊನೆಗೆ ಕತ್ತಿನ ನರ ಉಬ್ಬುವಂತೆ ಕಿರುಚಿದ: "ತಪ್ಪಾಯ್ತು ಪುಟ್ಟಪ್ಪಣ್ಣಾ!" ಕುಣಿಯುತ್ತಿದ್ದವರೆಲ್ಲ ನಿಂತು ನೋಡಿದರು.

ಪುಟ್ಟಪ್ಪ ಮುಖ ಆಚೆ ತಿರುಗಿಸಿ ಅಂಗಿ ತೋಳಿನಿಂದ ಕಣ್ಣೊರೆಸಿಕೊಂಡ. ಕಾಲು ಮಾತ್ರ ತೆಗೆಯಲಿಲ್ಲ. "ಕೇಳ್ತು ಮಾರಾಯ! ಹುಡುಗಿ ಕಾಯ್ತಿದಾಳೆ, ಹೋಗು!"

ಸಿರಿ ಅಣ್ಣನ ಕೈ ಹಿಡಿದು ಕೆಳಗಿಳಿದಳು. "ಇಷ್ಟು ಜೋರಾಗಿ ತಪ್ಪೊಪ್ಪಿಕೊಂಡವ್ರನ್ನ ನಾನು ನೋಡೇ ಇಲ್ಲ ಅಣ್ಣಾ" ಎಂದು ಅವನ ಕಿವಿಯಲ್ಲಿ ಹೇಳಿ, ಹಿಡಿದ ಕೈಯನ್ನು ಇನ್ನಷ್ಟು ಬಿಗಿ ಮಾಡಿದಳು. ಬಸವೇಶ ತಲೆ ಎತ್ತಿಕೊಂಡೇ ಅವಳನ್ನು ಒಳಗೆ ಕರೆದುಕೊಂಡು ಹೋದ.